ಮನೆಯಲ್ಲೂ ಮಂಡ್ಯದಲ್ಲೂ ಒಂದೇ ಇನ್‌ಬಾಕ್ಸ್

ನನ್ನ ಕೆಲಸ ಪುಸ್ತಕಗಳ ಪುಟ ಕಟ್ಟುವುದು. ಮನೆ ಮೈಸೂರಿನ ಕುವೆಂಪುನಗರದಲ್ಲಿ, ಪ್ರೆಸ್ಸು ಮಂಡ್ಯದಲ್ಲಿ. ಬೆಳಗ್ಗೆ ರೈಲು ಹತ್ತಿ ಹೋಗುತ್ತೇನೆ, ಸಂಜೆ ರೈಲಿನಲ್ಲೇ ಬರುತ್ತೇನೆ. ಆದರೆ ಲೇಖಕರ ಮೇಲ್‌ಗಳಿಗೆ ಹೊತ್ತು ಗೊತ್ತು ಇರುವುದಿಲ್ಲ. ನಮ್ಮಲ್ಲಿಗೆ ಬರುವ ಲೇಖಕರಲ್ಲಿ ಬಹಳ ಜನ ನಿವೃತ್ತರು. ಮೇಷ್ಟ್ರಾಗಿ, ಬ್ಯಾಂಕಿನಲ್ಲಿ, ಕೃಷಿ ಇಲಾಖೆಯಲ್ಲಿ ದುಡಿದು ಈಗ ಬರೆಯಲು ಕೂತವರು. ರಾತ್ರಿ ಊಟ ಮುಗಿಸಿ ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಿದ್ದಲು ಕೊಡುವ ಪ್ರತಿ, ಓದುತ್ತಾರೆ, ಹನ್ನೊಂದು ಗಂಟೆಗೆ ತಿದ್ದುಪಡಿ ಕಳಿಸುತ್ತಾರೆ. ಕೆಲವರದು ಬೆಳಗಿನ ಜಾವದ ಓದು. ಹಾಗಾಗಿ ಒಂದೇ ಪುಸ್ತಕದ ಅರ್ಧ ಮೇಲ್ ನಾನು ನೋಡುವುದು ಮನೆಯಲ್ಲಿ, ಇನ್ನರ್ಧ ಪ್ರೆಸ್ಸಿನಲ್ಲಿ.

ಪುಸ್ತಕದ ಕೆಲಸದಲ್ಲಿ ಮೇಲ್ ಅಂದರೆ ಬರೀ ಮಾತುಕತೆ ಅಲ್ಲ, ಅದೇ ದಾಖಲೆ. ಇಂಥ ಪುಟದ ಇಂಥ ಸಾಲು ತೆಗೆಯಿರಿ ಅಂತ ಲೇಖಕರು ಬರೆದಿದ್ದರೆ ತೆಗೆಯುತ್ತೇವೆ, ಇಲ್ಲದಿದ್ದರೆ ಮುಟ್ಟುವುದಿಲ್ಲ. ಯಾವುದು ಎರಡನೇ ಪ್ರೂಫು, ಯಾವುದು ಕೊನೆ ಪ್ರೂಫು, ಅದಕ್ಕೆ ಒಪ್ಪಿಗೆ ಬಂತಾ ಇಲ್ವಾ ಅನ್ನುವುದನ್ನು ಮೇಲ್ ನೋಡಿಯೇ ಹೇಳಬೇಕು. ಆ ಮೇಲ್ ಮನೆಯ ಕಂಪ್ಯೂಟರಿನಲ್ಲಿ ಕೂತಿದ್ದು ಪ್ರೆಸ್ಸಿನ ಕಂಪ್ಯೂಟರಿಗೆ ಅದರ ಸುಳಿವೇ ಇಲ್ಲದಿದ್ದರೆ?

ನಮ್ಮಲ್ಲಿ ಹಾಗೇ ಆಯಿತು. ಪ್ರೆಸ್ಸಿಗೆ ಸ್ವಂತ ಡೊಮೈನ್ ಹೆಸರಿನ ಮೇಲ್ ಇದೆ. ಹಿಂದೆ ಅದನ್ನು ಹಾಕಿಕೊಟ್ಟವರು ಎರಡೂ ಕಂಪ್ಯೂಟರುಗಳಲ್ಲಿ ಪಾಪ್ ವಿಧಾನ ಹಾಕಿದ್ದರು. ಅಂದರೆ ಮೇಲ್ ಬಂದು ಕೂರುವ ದೂರದ ಯಂತ್ರವಾದ ಸರ್ವರ್‌ನಿಂದ ಅದನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ. ಪಾಂಡವಪುರದ ಕಡೆಯ ಹಿರಿಯ ಮೇಷ್ಟ್ರೊಬ್ಬರ ಆತ್ಮಕಥೆ ಅಚ್ಚಿಗೆ ಹೋಗುವ ಹಂತದಲ್ಲಿತ್ತು. ಅವರು ರಾತ್ರಿ ಒಂದು ಮೇಲ್ ಕಳಿಸಿ, ತಮ್ಮ ಅಕ್ಕನ ಹೆಸರು ಒಂದು ಕಡೆ ತಪ್ಪಾಗಿದೆ ಅಂತ ತಿದ್ದಿದ್ದರು. ಮನೆಯ ಕಂಪ್ಯೂಟರು ಆನ್ ಆಗಿಯೇ ಇತ್ತು. ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಮೇಲ್ ಎಳೆದುಕೊಳ್ಳುವ ಅದು, ಇದನ್ನೂ ಎಳೆದುಕೊಂಡು ಸರ್ವರ್‌ನಿಂದ ಅಳಿಸಿಬಿಟ್ಟಿತು. ಬೆಳಗ್ಗೆ ಪ್ರೆಸ್ಸು ಬೇಗ ಶುರುವಾಗುತ್ತದೆ. ಅಲ್ಲಿದ್ದ ಹುಡುಗ ಮೇಲ್ ತೆಗೆದು ನೋಡಿದ್ದಾನೆ. ಹಿಂದಿನ ದಿನದ "ಎಲ್ಲಾ ಸರಿ ಇದೆ" ಅನ್ನುವ ಮೇಲೇ ಕೊನೆಯದಾಗಿ ಕಂಡಿದೆ. ಅಚ್ಚಿನ ಪ್ಲೇಟ್ ಮಾಡಿಸಿದ, ಫಾರಂ ಓಡಿತು. ಒಂದು ಫಾರಂ ಅಂದರೆ 16 ಪುಟ. ನಾನು ತಲುಪುವ ಹೊತ್ತಿಗೆ ಹಾಳೆಗಳು ಮಡಿಸಲು ತಯಾರಾಗಿ ಕೂತಿದ್ದವು. ಆತ್ಮಕಥೆಯಲ್ಲಿ ಅಕ್ಕನ ಹೆಸರು ತಪ್ಪಾಗಿ ಅಚ್ಚಾದರೆ ಅದನ್ನು ಸಣ್ಣ ವಿಷಯ ಅನ್ನೋಕೆ ಆಗುತ್ತಾ? ಅಷ್ಟೂ ಕಾಗದ ಬಿಟ್ಟು ಮತ್ತೆ ಓಡಿಸಿದೆವು. ಮೇಷ್ಟ್ರು ಸರಿಯಾಗಿಯೇ ತಿದ್ದಿದ್ದರು. ಹುಡುಗ ಕಂಡಿದ್ದನ್ನೇ ನಂಬಿದ್ದ. ಮೇಲ್ ಮಾತ್ರ ಇರಬಾರದ ಕಡೆ ಇತ್ತು.

ಅಂದಿನಿಂದ ಈ ವಿಷಯವನ್ನು ಕೂತು ಕಲಿತೆ. ನನಗೆ ತಿಳಿದ ಮಟ್ಟಿಗೆ ಎಲ್ಲದರ ಬೇರು ಒಂದೇ ಪ್ರಶ್ನೆ. ನಿಮ್ಮ ಮೇಲ್‌ನ ಮೂಲ ಪ್ರತಿ ಎಲ್ಲಿದೆ? ಮನೆಯಲ್ಲಾ, ಆಫೀಸಿನಲ್ಲಾ, ಸರ್ವರ್‌ನಲ್ಲಾ? ಎರಡು ಕಡೆ ಕೆಲಸ ಮಾಡುವವರಿಗೆ ಅದು ಸರ್ವರ್‌ನಲ್ಲೇ ಇರಬೇಕು. ಮನೆ, ಆಫೀಸು, ಫೋನು ಮೂರೂ ಅದನ್ನು ನೋಡುವ ಕಿಟಕಿಗಳಾಗಿರಬೇಕು, ಅಷ್ಟೇ.

ಪಾಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಹುಟ್ಟಿದ್ದು 1984ರಲ್ಲಿ. ನಾವು ಈಗಲೂ ಬಳಸುವ ಪಾಪ್3ರ ನಿಯಮಗಳು 1996ರವು. ಆಗಿನ ಕಾಲ ನೆನಪಿಸಿಕೊಳ್ಳಿ. ನಮ್ಮ ದೇಶದಲ್ಲಿ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಫೋನ್ ಲೈನಿನಲ್ಲಿ ಮೋಡೆಮ್ ಕೂಗಿಸಿ ಸಂಪರ್ಕ ಸಿಗಬೇಕು, ಇದ್ದಷ್ಟು ಹೊತ್ತೂ ಬಿಲ್ಲು ಏರುತ್ತಿತ್ತು. ಸರ್ವರ್‌ನಲ್ಲಿ ಜಾಗವೂ ಕಡಿಮೆ. ಹಾಗಾಗಿ ಬೇಗ ಕನೆಕ್ಟ್ ಆಗಬೇಕು, ಬಂದದ್ದನ್ನೆಲ್ಲ ಎಳೆದುಕೊಳ್ಳಬೇಕು, ಸರ್ವರ್ ಖಾಲಿ ಮಾಡಿ ಲೈನ್ ಕತ್ತರಿಸಬೇಕು. ಒಬ್ಬ ಮನುಷ್ಯ, ಒಂದು ಕಂಪ್ಯೂಟರು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕ. ನಮ್ಮ ಬದುಕು ಈಗ ಹಾಗಿಲ್ಲ, ಅಲ್ವಾ?

ಪಾಪ್‌ನಲ್ಲೇ ಒಂದು ಅರ್ಧ ಪರಿಹಾರ ಇದೆ. ಮೇಲ್ ಪ್ರೋಗ್ರಾಮಿನ ಸೆಟ್ಟಿಂಗ್ಸ್‌ನಲ್ಲಿ "ಲೀವ್ ಮೆಸೇಜಸ್ ಆನ್ ಸರ್ವರ್" ಅಂತ ಒಂದು ಆಯ್ಕೆ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಮೇಲ್ ಎಳೆದುಕೊಂಡರೂ ಸರ್ವರ್‌ನಲ್ಲಿ ಪ್ರತಿ ಉಳಿಯುತ್ತದೆ. 14 ದಿನ ಇಟ್ಟು ಆಮೇಲೆ ಅಳಿಸು ಅಂತಲೂ ಹೇಳಬಹುದು. ಆಗ ಎರಡೂ ಕಡೆ ಹೊಸ ಮೇಲ್ ಬರುತ್ತದೆ. ಆದರೆ ಬಂದ ಮೇಲೆ ಎರಡು ಪ್ರತಿಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಮನೆಯಲ್ಲಿ ಓದಿದ್ದು ಪ್ರೆಸ್ಸಿನಲ್ಲಿ ಓದದೇ ಇರುವಂತೆ ಕಾಣುತ್ತದೆ. ಇಲ್ಲಿ ಫೋಲ್ಡರಿಗೆ ಹಾಕಿದ್ದು ಅಲ್ಲಿ ಇನ್‌ಬಾಕ್ಸ್‌ನಲ್ಲೇ ಬಿದ್ದಿರುತ್ತದೆ. ನಾನು ರಾತ್ರಿ ಕಳಿಸಿದ ಉತ್ತರ ಪ್ರೆಸ್ಸಿನ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಪಾಪ್ ಕಳಿಸಿದ ಮೇಲ್‌ಗಳ ಗೊಡವೆಗೇ ಹೋಗುವುದಿಲ್ಲ. ನಮ್ಮ ಕೆಲಸದಲ್ಲಿ ಬಂದ ಮೇಲ್ ಎಷ್ಟು ಮುಖ್ಯವೋ ಕಳಿಸಿದ ಮೇಲ್ ಅಷ್ಟೇ ಮುಖ್ಯ. ಇದಕ್ಕೇ ನಾನು ಈ ದಾರಿ ಬಿಟ್ಟೆ.

ಬೇಕಾದ್ದು ಐಮ್ಯಾಪ್. ಇದೂ ಹೊಸದಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಅನ್ನುವವರು 1986ರಲ್ಲೇ ಇದನ್ನು ರೂಪಿಸಿದರು. ಮೇಲ್ ದೂರದ ದೊಡ್ಡ ಯಂತ್ರದಲ್ಲೇ ಇರಲಿ, ನಮ್ಮ ಮೇಜಿನ ಮೇಲಿನ ಯಂತ್ರದಿಂದ ಅದನ್ನು ಓದೋಣ ಅನ್ನುವುದು ಅದರ ಯೋಚನೆ. ಇಷ್ಟು ವರ್ಷದ ಹಿಂದೆಯೇ ಒಬ್ಬರು ಹೀಗೆ ಯೋಚಿಸಿದ್ದರು ಅಂತ ತಿಳಿದಾಗ ನನಗೆ ನಿಜಕ್ಕೂ ಅವರ ಮೇಲೆ ಗೌರವ ಬಂತು. ಇವತ್ತು ಬಹಳ ಕಡೆ ನಡೆಯುತ್ತಿರುವುದು 2003ರಲ್ಲಿ ಗಟ್ಟಿಯಾದ ಆವೃತ್ತಿ. 2021ರಲ್ಲಿ ಅದಕ್ಕೊಂದು ಹೊಸ ರೂಪವೂ ಬಂದಿದೆ.

ಐಮ್ಯಾಪ್‌ನಲ್ಲಿ ಪ್ರತಿ ಮೇಲ್‌ಗೂ ಸರ್ವರ್‌ನಲ್ಲೇ ಗುರುತುಗಳಿರುತ್ತವೆ. ಓದಿದೆ, ಉತ್ತರಿಸಿದೆ, ನಕ್ಷತ್ರ ಹಾಕಿದೆ, ಅಳಿಸಿದೆ, ಕರಡು. ಮನೆಯಲ್ಲಿ ಓದಿದ ಕೂಡಲೇ ಆ ಗುರುತು ಸರ್ವರ್‌ನಲ್ಲಿ ಬೀಳುತ್ತದೆ, ಪ್ರೆಸ್ಸಿನಲ್ಲೂ ಹಾಗೇ ಕಾಣುತ್ತದೆ. ನಮಗೆ ಇದರಲ್ಲಿ ನಕ್ಷತ್ರ ಬಹಳ ಉಪಯೋಗಕ್ಕೆ ಬಂದಿದೆ. ತಿದ್ದುಪಡಿ ಇರುವ ಮೇಲ್ ಬಂದರೆ ನಾನು ರಾತ್ರಿಯೇ ನಕ್ಷತ್ರ ಹಾಕುತ್ತೇನೆ. ತಿದ್ದುಪಡಿ ಪುಟಕ್ಕೆ ಇಳಿದ ಮೇಲೆ ತೆಗೆಯುತ್ತೇವೆ. ಆ ಪುಸ್ತಕದ ಫೋಲ್ಡರಿನಲ್ಲಿ ಒಂದು ನಕ್ಷತ್ರ ಉಳಿದಿದ್ದರೂ ಪ್ಲೇಟ್‌ಗೆ ಕಳಿಸುವ ಹಾಗಿಲ್ಲ ಅನ್ನುವುದು ಈಗ ಪ್ರೆಸ್ಸಿನ ನಿಯಮ. ಹೊಸ ಮೇಲ್ ಬಂದ ಕೂಡಲೇ ಸರ್ವರ್ ತಾನೇ ಸುದ್ದಿ ಮುಟ್ಟಿಸುವ ಏರ್ಪಾಟೂ ಇದೆ. 1997ರಲ್ಲಿ ಸೇರಿಸಿದ್ದು, ಹೆಸರು ಐಡಲ್. ನಿಮಿಷ ನಿಮಿಷಕ್ಕೂ ಹೋಗಿ ಕೇಳುತ್ತಾ ಇರಬೇಕಾಗಿಲ್ಲ.

ಕಳಿಸಿದ ಮೇಲ್ ವಿಷಯಕ್ಕೆ ಸ್ವಲ್ಪ ಗಮನ ಬೇಕು. ಮೇಲ್ ಕಳಿಸುವುದು ಎಸ್‌ಎಂಟಿಪಿ ಅನ್ನುವ ಬೇರೆಯೇ ವ್ಯವಸ್ಥೆ. ಕಳಿಸಿದ ಮೇಲೆ ನಮ್ಮ ಮೇಲ್ ಪ್ರೋಗ್ರಾಮು ಅದರ ಒಂದು ಪ್ರತಿಯನ್ನು ಐಮ್ಯಾಪ್ ಮೂಲಕ ಸರ್ವರ್‌ನ ಸೆಂಟ್ ಫೋಲ್ಡರಿಗೆ ಮತ್ತೆ ಏರಿಸುತ್ತದೆ. ದೊಡ್ಡ ಪಿಡಿಎಫ್ ಕಳಿಸಿದಾಗ "ಕಳಿಸಲಾಗಿದೆ" ಅಂದಮೇಲೂ ಚಕ್ರ ತಿರುಗುತ್ತಾ ಇರುತ್ತದಲ್ಲ, ಕಾರಣ ಇದೇ. ಜಿಮೇಲ್ ಆದರೆ ಪ್ರತಿಯನ್ನು ಸರ್ವರ್‌ನಲ್ಲೇ ಇಟ್ಟುಕೊಳ್ಳುತ್ತದೆ, ಎರಡು ಸಲ ಏರಿಸಬೇಕಾಗಿಲ್ಲ. ಇನ್ನೊಂದು ಗೊಂದಲ ಹೆಸರಿನದು. ಒಂದು ಪ್ರೋಗ್ರಾಮು "ಸೆಂಟ್" ಅಂತ ಫೋಲ್ಡರ್ ಮಾಡಿದರೆ ಇನ್ನೊಂದು "ಸೆಂಟ್ ಐಟಮ್ಸ್", ಫೋನು "ಸೆಂಟ್ ಮೆಸೇಜಸ್" ಅಂತ ಮಾಡಿಬಿಡುತ್ತವೆ. ಮೂರು ಕಡೆ ಕಳಿಸಿದ್ದು ಮೂರು ಫೋಲ್ಡರಿನಲ್ಲಿ ಹರಿದು ಹಂಚಿಹೋಗುತ್ತದೆ. ಮೊದಲ ದಿನವೇ ಎಲ್ಲಾ ಕಡೆ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಒಂದೇ ಫೋಲ್ಡರನ್ನು ತೋರಿಸಿ. ಡ್ರಾಫ್ಟ್ಸ್‌ಗೂ ಟ್ರ್ಯಾಷ್‌ಗೂ ಹಾಗೇ ಮಾಡಿ. ಈ ಒಂದು ಕೆಲಸ ಬಿಟ್ಟರೆ ಮುಂದೆ ಬಹಳ ತಲೆನೋವು.

ಅರ್ಧ ಬರೆದ ಉತ್ತರವನ್ನು ಪ್ರೆಸ್ಸಿನಲ್ಲಿ ಸೇವ್ ಮಾಡಿ ಮನೆಗೆ ಬಂದು ಮುಗಿಸಬಹುದು. ನನಗಂತೂ ಇದು ದೊಡ್ಡ ಅನುಕೂಲ. ಲೇಖಕರಿಗೆ ಕಾಗುಣಿತದ ಬಗ್ಗೆ, ಹೆಸರುಗಳ ಬಗ್ಗೆ ಕೇಳುವ ಪ್ರಶ್ನೆಗಳ ಉದ್ದ ಪಟ್ಟಿ ದಿನವಿಡೀ ಬೆಳೆಯುತ್ತದೆ. ಒಂದು ಎಚ್ಚರಿಕೆ ಇರಲಿ. ಐಮ್ಯಾಪ್‌ನಲ್ಲಿ ಒಮ್ಮೆ ಇಟ್ಟ ಮೇಲ್ ಬದಲಾಗುವುದಿಲ್ಲ. ಕರಡು ಸೇವ್ ಮಾಡಿದಾಗಲೆಲ್ಲ ಹೊಸ ಪ್ರತಿ ಸೇರಿಸಿ ಹಳೆಯದನ್ನು ಅಳಿಸುತ್ತದೆ. ಒಂದೇ ಕರಡು ಎರಡೂ ಕಡೆ ತೆರೆದಿದ್ದರೆ ಎರಡು ಕರಡುಗಳಾಗುತ್ತವೆ. ಪ್ರೆಸ್ಸು ಬಿಡುವಾಗ ಕಿಟಕಿ ಮುಚ್ಚಿ ಬನ್ನಿ.

ಹಳೆಯ ಮೇಲ್‌ಗಳನ್ನು ಒಟ್ಟುಗೂಡಿಸಿದ್ದೇ ಇದರಲ್ಲಿ ದೊಡ್ಡ ಕೆಲಸ. ವರ್ಷಗಟ್ಟಲೆ ಎರಡು ಕಂಪ್ಯೂಟರುಗಳಲ್ಲಿ ಚದುರಿದ್ದ ಮೇಲ್ ಅದು. ನಾನು ಬಳಸುವುದು ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಮು. ಹಳೇ ಪಾಪ್ ಅಕೌಂಟನ್ನು ಹಾಗೇ ಬಿಟ್ಟು, ಅದೇ ವಿಳಾಸಕ್ಕೆ ಐಮ್ಯಾಪ್ ಅಕೌಂಟನ್ನು ಪಕ್ಕದಲ್ಲಿ ಸೇರಿಸಿಕೊಂಡೆ. ಪಾಪ್ ಅಕೌಂಟು ತಾನಾಗಿ ಮೇಲ್ ಎಳೆಯುವುದನ್ನು ಮೊದಲು ನಿಲ್ಲಿಸಿದೆ. ಇದು ಬಹಳ ಮುಖ್ಯ, ಇಲ್ಲದಿದ್ದರೆ ಒಂದು ಕಡೆ ಏರಿಸುತ್ತಾ ಇದ್ದರೆ ಇನ್ನೊಂದು ಕಡೆ ಎಳೆದುಕೊಂಡು ಅಳಿಸುತ್ತಾ ಹೋಗುತ್ತದೆ. ಆಮೇಲೆ ಹಳೇ ಫೋಲ್ಡರಿನಿಂದ ಒಂದಷ್ಟು ಮೇಲ್ ಆರಿಸಿ ಐಮ್ಯಾಪ್ ಫೋಲ್ಡರಿಗೆ ಕಾಪಿ ಮಾಡಬೇಕು. ಮೂವ್ ಬೇಡ, ಕಾಪಿ. ಒಂದೇ ಸಲಕ್ಕೆ ಸಾವಿರಾರು ಮೇಲ್ ಎಳೆದು ಹಾಕಿದರೆ ಮಧ್ಯದಲ್ಲಿ ನೆಟ್ ಹೋದಾಗ ಎಲ್ಲಿಗೆ ನಿಂತಿತು ಅಂತ ತಿಳಿಯುವುದಿಲ್ಲ. ನಾನು ಪುಸ್ತಕಕ್ಕೊಂದು ಫೋಲ್ಡರ್ ಮಾಡಿ, ಒಂದು ಪುಸ್ತಕ ಮುಗಿಸಿ, ಎರಡೂ ಕಡೆಯ ಸಂಖ್ಯೆ ತಾಳೆ ನೋಡಿ, ಮುಂದಿನದಕ್ಕೆ ಹೋದೆ. ನಿಧಾನದ ಕೆಲಸ, ಭಾನುವಾರಗಳ ಕೆಲಸ. ಆದರೆ ಅದರಲ್ಲಿ ಒಂದು ಸಂತೋಷವೂ ಇತ್ತು. ನಾವು ಅಚ್ಚು ಮಾಡಿದ ಪುಸ್ತಕಗಳ ಹಿಂದಿನ ಮಾತೆಲ್ಲ ಮೊದಲ ಸಲ ಒಂದೇ ಕಡೆ ಸಾಲಾಗಿ ನಿಂತಿದ್ದವು. ತೀರಿಕೊಂಡ ಲೇಖಕರ ಮೇಲ್‌ಗಳೂ ಇದ್ದವು. ಅವನ್ನು ಯಾವುದೋ ಹಳೇ ಹಾರ್ಡ್ ಡಿಸ್ಕಿನಲ್ಲಿ ಬಿಟ್ಟುಬಿಡಲು ನನಗೆ ಮನಸ್ಸಿರಲಿಲ್ಲ.

ಎರಡೂ ಕಂಪ್ಯೂಟರುಗಳಿಂದ ಏರಿಸಿದಾಗ ಒಂದೇ ಮೇಲ್ ಎರಡು ಸಲ ಬರುತ್ತದೆ. ಪ್ರತಿ ಮೇಲ್‌ಗೂ ಮೆಸೇಜ್ ಐಡಿ ಅಂತ ಒಂದು ಗುರುತಿನ ಸಾಲು ಒಳಗೆ ಅಡಗಿರುತ್ತದೆ. ಅದನ್ನು ಹೋಲಿಸಿ ನಕಲುಗಳನ್ನು ಹುಡುಕಿಕೊಡುವ ಆಡ್-ಆನ್‌ಗಳು ಥಂಡರ್‌ಬರ್ಡ್‌ಗೆ ಸಿಗುತ್ತವೆ. ಕೈಯಲ್ಲಿ ಆರಿಸುತ್ತಾ ಕೂರಬೇಡಿ.

ಕನ್ನಡದಲ್ಲಿ ಫೋಲ್ಡರಿನ ಹೆಸರಿಡಬಹುದಾ ಅಂತ ಪ್ರೆಸ್ಸಿನ ಹುಡುಗ ಕೇಳಿದ. ಇಡಬಹುದು, ನಾವು ಇಟ್ಟಿದ್ದೇವೆ. ಹಳೇ ಐಮ್ಯಾಪ್ ಕನ್ನಡ ಅಕ್ಷರಗಳನ್ನು ನೇರವಾಗಿ ಇಟ್ಟುಕೊಳ್ಳುವುದಿಲ್ಲ, ಯುಟಿಎಫ್-7 ಅನ್ನುವ ಪದ್ಧತಿಯ ಒಂದು ಮಾರ್ಪಾಡಿನಲ್ಲಿ ಬರೆದುಕೊಳ್ಳುತ್ತದೆ. ಒಳ್ಳೆಯ ಪ್ರೋಗ್ರಾಮುಗಳು ಅದನ್ನು ತಿರುಗಿಸಿ ಕನ್ನಡದಲ್ಲೇ ತೋರಿಸುತ್ತವೆ. ಎಲ್ಲೋ ಒಂದು ಕಡೆ ಆಂಪರ್ಸ್ಯಾಂಡ್ ಗುರುತಿನಿಂದ ಶುರುವಾಗುವ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹೆಸರು ಕಂಡರೆ ಗಾಬರಿ ಬೇಡ, ಅದು ನಿಮ್ಮ ಕನ್ನಡ ಫೋಲ್ಡರೇ. ಅಳಿಸಬೇಡಿ. ಪ್ರೆಸ್ಸಿನಲ್ಲಿ ಮಾಡಿದ ಹೊಸ ಫೋಲ್ಡರ್ ಮನೆಯಲ್ಲಿ ಕಾಣದಿದ್ದರೆ ಅಕೌಂಟ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ "ಸಬ್‌ಸ್ಕ್ರೈಬ್"ನಲ್ಲಿ ನೋಡಿ, ಅಲ್ಲಿ ಟಿಕ್ ಇರಬೇಕು.

ಹಳೆಯ ಮೇಲ್‌ಗಳಲ್ಲಿ ನಮ್ಮದೇ ಆದ ಇನ್ನೊಂದು ತೊಂದರೆ ಇದೆ. ಎಲ್ಲಾ ಕಂಪ್ಯೂಟರುಗಳೂ ಕನ್ನಡವನ್ನು ಒಂದೇ ಥರ ಗುರುತಿಸುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಜನ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸುತ್ತಿದ್ದರು. ಆ ಫಾಂಟು ಇಲ್ಲದ ಕಡೆ ಅದು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಸಿಂಕ್ ಮಾಡಿದರೂ, ಅಂದರೆ ಎಲ್ಲಾ ಕಡೆ ಒಂದೇ ಥರ ಇರುವಂತೆ ಮಾಡಿದರೂ, ಅದು ಸರಿಯಾಗುವುದಿಲ್ಲ. ಹುಡುಕಿದರೆ ಸಿಗುವುದೂ ಇಲ್ಲ, ಯಾಕೆಂದರೆ ಸರ್ವರ್‌ನ ಕಣ್ಣಿಗೆ ಅಲ್ಲಿ ಕನ್ನಡವೇ ಇಲ್ಲ. ಮುಖ್ಯವಾದ ಕೆಲವನ್ನು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿ, ನನಗೆ ನಾನೇ ಮೇಲ್ ಕಳಿಸಿಕೊಂಡು ಅದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಯೂನಿಕೋಡ್‌ನಲ್ಲಿ ಬಂದ ಮೇಲ್ ಆದರೆ ಲೇಖಕರ ಹೆಸರು ಕನ್ನಡದಲ್ಲೇ ಹೊಡೆದು ಹುಡುಕುತ್ತೇನೆ, ಸಿಗುತ್ತದೆ.

ಐಮ್ಯಾಪ್ ಮೇಲ್ ಅಷ್ಟನ್ನೇ ನೋಡಿಕೊಳ್ಳುತ್ತದೆ. ಅಡ್ರೆಸ್ ಬುಕ್‌ಗೆ ಕಾರ್ಡ್‌ಡ್ಯಾವ್, ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್ ಅಂತ ಬೇರೆ ಏರ್ಪಾಟುಗಳಿವೆ. ಮೇಲ್‌ಗಳನ್ನು ತಾನಾಗಿ ಫೋಲ್ಡರಿಗೆ ಹಾಕುವ ಫಿಲ್ಟರುಗಳನ್ನು ಒಂದು ಕಂಪ್ಯೂಟರಿನಲ್ಲಿ ಬರೆದರೆ ಆ ಕಂಪ್ಯೂಟರ್ ಆನ್ ಇದ್ದಾಗ ಮಾತ್ರ ಓಡುತ್ತವೆ. ಸರ್ವರ್‌ನ ವೆಬ್ ಪುಟದಲ್ಲೇ ಬರೆದಿಡಿ.

ರೈಲಿನ ವಿಷಯ. ದಾರಿಯಲ್ಲಿ ಕೆಲವು ಕಡೆ ಸಿಗ್ನಲ್ ಹೋಗಿ ಬಂದು ಆಗುತ್ತದೆ. ಲ್ಯಾಪ್‌ಟಾಪ್ ಒಯ್ಯುವ ದಿನ, ಹೊರಡುವ ಮುಂಚೆ ಥಂಡರ್‌ಬರ್ಡ್ ತೆರೆದು ಸಿಂಕ್ ಆಗಲು ಬಿಡುತ್ತೇನೆ. ಮೇಲ್‌ಗಳ ಪ್ರತಿಯನ್ನು ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳುವ ಆಯ್ಕೆ ಅದರಲ್ಲಿದೆ. ಶ್ರೀರಂಗಪಟ್ಟಣ ದಾಟುವಾಗ ಓದಿ ಉತ್ತರ ಬರೆದರೆ ಅದು ಔಟ್‌ಬಾಕ್ಸ್‌ನಲ್ಲಿ ಕಾಯುತ್ತದೆ. ನೆಟ್ ಸಿಕ್ಕ ಮೇಲೆ ಕಳಿಸು ಅಂದರೆ ಹೋಗುತ್ತದೆ.

ಈಗ ಎಲ್ಲರಿಗೂ ಗಟ್ಟಿಯಾಗಿ ಹೇಳಬೇಕಾದ ಮಾತು. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಮೂಲ ಪ್ರತಿ ಒಂದೇ ಇದೆ ಅಂದಮೇಲೆ ಇಲ್ಲಿ ಅಳಿಸಿದ್ದು ಎಲ್ಲಾ ಕಡೆಯೂ ಅಳಿಯುತ್ತದೆ. ಜಾಗ ಉಳಿಸಲು ಅಂತ ಪ್ರೆಸ್ಸಿನಲ್ಲಿ ಯಾರೋ ಒಂದು ಫೋಲ್ಡರ್ ತೆಗೆದರೆ ಮನೆಯಲ್ಲೂ ಫೋನಿನಲ್ಲೂ ಹೋಯಿತು. ಜಿಮೇಲ್‌ನ ಟ್ರ್ಯಾಷ್‌ನಲ್ಲಾದರೆ 30 ದಿನ ಇರುತ್ತದೆ, ಆಮೇಲೆ ಅದೂ ಇಲ್ಲ. ಡೊಮೈನ್ ಮೇಲ್‌ಗೆ ಸರ್ವರ್ ಜಾಗ ಕೊಡುವ ಹೋಸ್ಟಿಂಗ್‌ಗೆ ಹಣ ಕಟ್ಟುವುದು ಮರೆತರೆ ಇಡೀ ಮೇಲ್‌ಬಾಕ್ಸೇ ಹೋಗಬಹುದು. ಹಾಗಾಗಿ ತಿಂಗಳಿಗೊಮ್ಮೆ ಥಂಡರ್‌ಬರ್ಡ್ ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು ಹಾಗೇ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತೇನೆ. ಹಳೆಯ ಕಾಪಿಯ ಮೇಲೆ ಬರೆಯುವುದಿಲ್ಲ, ತಿಂಗಳ ಹೆಸರು ಹಾಕಿ ಬೇರೆ ಇಡುತ್ತೇನೆ. ಡಿಸ್ಕ್ ಮನೆಯ ಬೀರುವಿನಲ್ಲಿರುತ್ತದೆ, ಪ್ರೆಸ್ಸಿನಲ್ಲಿ ಅಲ್ಲ.

ಎಲ್ಲಾ ಸರ್ವರ್‌ನಲ್ಲೇ ಇರಬೇಕು ಅಂದರೆ ಜಾಗ ಬೇಕು, ಇದು ನಿಜ. ನಮ್ಮ ಡೊಮೈನ್ ಮೇಲ್‌ನ ಜಾಗವನ್ನು ದುಡ್ಡು ಕೊಟ್ಟು ಹೆಚ್ಚಿಸಿಕೊಂಡೆವು. ಜಿಮೇಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದನ್ನು ಡ್ರೈವ್ ಮತ್ತು ಫೋಟೋಗಳ ಜೊತೆ ಹಂಚಿಕೊಳ್ಳಬೇಕು. ಪ್ರೂಫ್ ಪಿಡಿಎಫ್‌ಗಳು ಜಾಗ ತಿನ್ನುತ್ತವೆ. ಮೇಲ್‌ಗೆ ಲಗತ್ತಿಸಿದ ಫೈಲು ಒಳಗೆ ಅಕ್ಷರಗಳಾಗಿ ಬದಲಾಗುವಾಗ 3 ಬೈಟ್ ಇದ್ದದ್ದು 4 ಆಗುತ್ತದೆ. 18 ಎಂಬಿ ಫೈಲು ಸುಮಾರು 24 ಎಂಬಿ ಮೇಲ್ ಆಗುತ್ತದೆ. ಜಿಮೇಲ್‌ನಿಂದ ಕಳಿಸಲು ಮಿತಿ 25 ಎಂಬಿ. ಹಾಗಾಗಿ ಓದುವ ಪ್ರೂಫಿಗೆ ಚಿತ್ರಗಳ ರೆಸಲ್ಯೂಷನ್ ಇಳಿಸಿ ಚಿಕ್ಕ ಪಿಡಿಎಫ್ ಕಳಿಸುತ್ತೇವೆ. ಅಚ್ಚಿನ ಫೈಲು ಮೇಲ್‌ನಲ್ಲಿ ಓಡಾಡುವುದೇ ಇಲ್ಲ. ಲೇಖಕರ ಒಪ್ಪಿಗೆಯ ಮಾತು ಮೇಲ್‌ನಲ್ಲಿ ಉಳಿದರೆ ಸಾಕು.

ಸೆಟ್ಟಿಂಗ್ಸ್ ಕೇಳುವವರಿಗೆ: ಐಮ್ಯಾಪ್‌ಗೆ ಪೋರ್ಟ್ (ಸರ್ವರ್‌ನ ಬಾಗಿಲ ಸಂಖ್ಯೆ ಇದ್ದಂತೆ) 993, ಮೇಲ್ ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವ ಎಸ್‌ಎಸ್‌ಎಲ್ ಆರಿಸಿ. ಕಳಿಸಲು 465, ಅಥವಾ ಅಂಥದ್ದೇ ಇನ್ನೊಂದು ಕಾವಲಾದ ಸ್ಟಾರ್ಟ್‌ಟಿಎಲ್‌ಎಸ್ ಜೊತೆ 587. 995 ಅಂತ ಕಂಡರೆ ಅದು ಪಾಪ್, ಬೇಡ. "ತುಂಬಾ ಕನೆಕ್ಷನ್‌ಗಳಿವೆ" ಅಂತ ಸರ್ವರ್ ಗೊಣಗಿದರೆ ಥಂಡರ್‌ಬರ್ಡ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ ಸಂಖ್ಯೆ 5 ಇರುವುದನ್ನು 2ಕ್ಕೆ ಇಳಿಸಿ. ಒಂದು ಫೋಲ್ಡರಿನ ಪಟ್ಟಿ ಮಾತ್ರ ಅಸ್ತವ್ಯಸ್ತವಾಗಿ ಕಂಡರೆ ಅದರ ಪ್ರಾಪರ್ಟೀಸ್‌ನಲ್ಲಿ "ರಿಪೇರ್ ಫೋಲ್ಡರ್" ಒತ್ತಿ. ನಿಮ್ಮ ಮೇಲ್ ಸೇವೆ ಆ್ಯಪ್ ಪಾಸ್‌ವರ್ಡ್, ಅಂದರೆ ಒಂದೊಂದು ಪ್ರೋಗ್ರಾಮಿಗೂ ಬೇರೆಯಾದ ಪಾಸ್‌ವರ್ಡ್, ಕೊಡುವುದಾದರೆ ಮನೆಗೊಂದು, ಆಫೀಸಿಗೊಂದು ಬೇರೆ ಬೇರೆ ಮಾಡಿಕೊಳ್ಳಿ. ಆಫೀಸಿನ ಕಂಪ್ಯೂಟರ್ ರಿಪೇರಿಗೋ ಮಾರಾಟಕ್ಕೋ ಹೋದಾಗ ಅದರದ್ದೊಂದನ್ನೇ ರದ್ದು ಮಾಡಬಹುದು, ಮನೆಯದು ಹಾಗೇ ನಡೆಯುತ್ತದೆ.